ಪದರ ಬಿಡುವ ಉಗುರಿಗೆ ಕ್ಯಾಲ್ಸಿಯಂ ಮದ್ದಲ್ಲ

ಪ್ರಶ್ನೆ: ನನಗೆ 44 ವರ್ಷ. ಅಂಕೋಲಾ ಹತ್ತಿರ ನಾವು ಗಂಡ ಹೆಂಡತಿ ಸೇರಿ ಸಣ್ಣ ಖಾನಾವಳಿ ನಡೆಸುತ್ತೇವೆ. ಮೀನು ಹೆಚ್ಚುವುದು, ಸಿಗಡಿ ಸುಲಿಯುವುದು, ಅಕ್ಕಿ ತೊಳೆಯುವುದು, ಪಾತ್ರೆ ತಿಕ್ಕುವುದು ಎಲ್ಲವೂ ನನ್ನ ಪಾಲಿನ ಕೆಲಸ. ಒಂದೂವರೆ ವರ್ಷದಿಂದ ಕೈಬೆರಳಿನ ಉಗುರುಗಳ ತುದಿ ಪದರ ಪದರವಾಗಿ ಏಳುತ್ತಿದೆ. ಸೀರೆಗೆ ಸಿಕ್ಕಿಕೊಳ್ಳುತ್ತದೆ, ಕಾಯಿ ತುರಿಯುವಾಗ ಸೀಳಿ ಕೆಲವೊಮ್ಮೆ ರಕ್ತವೂ ಬರುತ್ತದೆ. ಅಲ್ಲಲ್ಲಿ ಬಿಳಿ ಚುಕ್ಕೆಗಳಿವೆ. ಸುಣ್ಣದ ಅಂಶ ಕಡಿಮೆ ಎಂದು ಎಲ್ಲರೂ ಹೇಳಿದ್ದಕ್ಕೆ ಆರು ತಿಂಗಳು ಕ್ಯಾಲ್ಸಿಯಂ ಮಾತ್ರೆ ನುಂಗಿದೆ. ಈಗ ಎರಡು ತಿಂಗಳಿಂದ ಔಷಧ ಅಂಗಡಿಯವರು ಕೊಟ್ಟ 10 ಮಿಲಿಗ್ರಾಂ ಬಯೋಟಿನ್ ನಡೆದಿದೆ. ರಾತ್ರಿ ಬಿಸಿ ಉಪ್ಪುನೀರಿನಲ್ಲಿ ಕೈ ಅದ್ದಿ ಲಿಂಬೆಹಣ್ಣು ತಿಕ್ಕುತ್ತೇನೆ. ನಾದಿನಿ ಇದು ಫಂಗಸ್ ಎನ್ನುತ್ತಾಳೆ. ಮಗಳು ಕಾರವಾರಕ್ಕೆ ಹೋಗಿ ಉಗುರಿಗೆ ಜೆಲ್ ಬಣ್ಣ ಹಾಕಿಸಿಕೋ, ಎಲ್ಲ ಮುಚ್ಚಿಹೋಗುತ್ತದೆ ಎನ್ನುತ್ತಾಳೆ. ಇದು ಒಳಗಿನ ದೊಡ್ಡ ಕಾಯಿಲೆಯ ಸೂಚನೆಯೇ? ದಯವಿಟ್ಟು ‘ಕೈಯನ್ನು ನೀರಿಗೆ ಹಾಕಬೇಡಿ’ ಎಂದು ಮಾತ್ರ ಹೇಳಬೇಡಿ, ಅದು ನಮ್ಮ ಹೊಟ್ಟೆಪಾಡು. ಎರಡು ವರ್ಷದಿಂದ ಮುಟ್ಟಿನ ಸ್ರಾವ ಜಾಸ್ತಿ, ಸ್ವಲ್ಪ ಸುಸ್ತು ಇದೆ. ಅದು ವಯಸ್ಸಿಗೆ ಸಹಜವಿರಬಹುದು.

ಉತ್ತರ: ನಿಮ್ಮ ಉಗುರು ಹಾಳಾಗಿರುವುದು ಬಹುಮಟ್ಟಿಗೆ ಹೊರಗಿನಿಂದ. ನೀವು ಹೆದರಿರುವ ದೊಡ್ಡ ಕಾಯಿಲೆಯ ಲಕ್ಷಣ ನಿಮ್ಮ ವಿವರಣೆಯಲ್ಲಿ ನನಗೆ ಕಾಣುವುದಿಲ್ಲ. ಆದರೆ ಪತ್ರದ ತುದಿಯಲ್ಲಿ, ಹೇಳಿದರೂ ಆಯಿತು ಬಿಟ್ಟರೂ ಆಯಿತು ಎನ್ನುವಂತೆ ಬರೆದ ಆ ಎರಡು ಸಾಲುಗಳಿವೆಯಲ್ಲ, ನಾನು ಅಡಿಗೆರೆ ಎಳೆದದ್ದು ಅವುಗಳಿಗೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಸುಣ್ಣದ ಮಾತು. ಕುಮಟಾದ ನನ್ನ ಚಿಕಿತ್ಸಾಲಯಕ್ಕೆ ಉಗುರಿನ ತೊಂದರೆ ಹೊತ್ತು ಬರುವವರಲ್ಲಿ ಹೆಚ್ಚಿನವರು ಕ್ಯಾಲ್ಸಿಯಂ ಮಾತ್ರೆ ಮುಗಿಸಿಯೇ ಬಂದಿರುತ್ತಾರೆ. ಉಗುರು ಗಟ್ಟಿ, ಎಲುಬೂ ಗಟ್ಟಿ, ಆದ್ದರಿಂದ ಎರಡಕ್ಕೂ ಸುಣ್ಣವೇ ಬೇಕು ಎಂಬ ಲೆಕ್ಕ. ಆದರೆ ಉಗುರು ಎಲುಬಿನ ಜಾತಿಯದಲ್ಲ, ಕೂದಲಿನ ಜಾತಿಯದು. ಕತ್ತರಿಸಿದ ಉಗುರಿನ ಚೂರು ಅಪ್ಪಿತಪ್ಪಿ ಒಲೆಗೆ ಬಿದ್ದರೆ ಬರುವ ವಾಸನೆ ನಿಮಗೆ ಗೊತ್ತಿರಬಹುದು. ಸುಟ್ಟ ಕೂದಲಿನದೇ ವಾಸನೆ ಅದು. ಎರಡೂ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದವು. ಅದರ ಎಳೆಗಳನ್ನು ಗಂಧಕದ ಬಂಧಗಳು ಬಿಗಿದಿರುತ್ತವೆ. ಉಗುರಿನ ಗಟ್ಟಿತನ ಆ ಬಂಧಗಳಿಂದ ಬರುತ್ತದೆ. ಕ್ಯಾಲ್ಸಿಯಂ ಇರುವುದು ತೂಕದ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಮುಟ್ಟು ನಿಂತ ಮಹಿಳೆಯರಿಗೆ ದಿನಕ್ಕೆ 1 ಗ್ರಾಂ ಕ್ಯಾಲ್ಸಿಯಂ ಕೊಟ್ಟು ಒಂದು ವರ್ಷ ಗಮನಿಸಿದ ಅಧ್ಯಯನದ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಮಾತ್ರೆ ತಿಂದವರ ಉಗುರಿಗೂ ತಿನ್ನದವರ ಉಗುರಿಗೂ ವ್ಯತ್ಯಾಸ ಕಾಣಲಿಲ್ಲ. ಎಲುಬಿಗಾಗಿ ವೈದ್ಯರು ಬರೆದುಕೊಟ್ಟಿದ್ದರೆ ಆ ಮಾತ್ರೆ ತಿನ್ನಿ. ಉಗುರಿಗಾಗಿ ಬೇಡ.

ಬಿಳಿ ಚುಕ್ಕೆಗಳ ಬಗ್ಗೆಯೂ ಇದೇ ಉತ್ತರ. ಚಿಕ್ಕವರಿದ್ದಾಗ ಬೆಳ್ಳಕ್ಕಿ ಹಿಂಡು ಹಾರಿದರೆ ಉಗುರು ಉಜ್ಜುತ್ತ ‘ಹೂ ಕೊಡು’ ಎಂದು ಕೂಗುತ್ತಿದ್ದೆವಲ್ಲ, ಅವೇ ಇವು. ಉಗುರಿನ ಬುಡಕ್ಕೆ ಎಂದೋ ತಾಗಿದ ಸಣ್ಣ ಪೆಟ್ಟಿನ ಗುರುತು. ಬಾಗಿಲಿಗೆ ತಗುಲಿದ್ದೋ, ಪಾತ್ರೆಯ ಅಂಚು ಒತ್ತಿದ್ದೋ ನಿಮಗೆ ನೆನಪೂ ಇರುವುದಿಲ್ಲ. ಉಗುರು ಬೆಳೆದ ಹಾಗೆ ಚುಕ್ಕೆ ಮುಂದೆ ಸರಿದು ಒಂದು ದಿನ ಕತ್ತರಿಗೆ ಸಿಗುತ್ತದೆ.

ಹಾಗಾದರೆ ಪದರ ಏಕೆ ಏಳುತ್ತದೆ? ಅಡಿಕೆ ಹಾಳೆಯೊಂದನ್ನು ಅಂಗಳದಲ್ಲಿ ಬಿಟ್ಟು ನೋಡಿ. ಒಂದು ಮಳೆಗೆ ನೆನೆದು, ಒಂದು ಬಿಸಿಲಿಗೆ ಒಣಗಿ, ಮತ್ತೆ ನೆನೆದು, ಮತ್ತೆ ಒಣಗಿದರೆ ಕೆಲವೇ ದಿನಗಳಲ್ಲಿ ಒಳಗಿನ ಪೊರೆ ಬಿಟ್ಟುಕೊಳ್ಳುತ್ತದೆ, ಅಂಚು ಸೀಳುತ್ತದೆ. ನಿಮ್ಮ ಉಗುರಿಗೂ ಆಗಿರುವುದು ಅದೇ. ಉಗುರೆಂದರೆ ಚಪ್ಪಟೆ ಜೀವಕೋಶಗಳು ಒಂದರ ಮೇಲೊಂದು ಒತ್ತಾಗಿ ಅಂಟಿಕೊಂಡಿರುವ ತಟ್ಟೆ. ಅದರಲ್ಲಿ ಸಾಮಾನ್ಯವಾಗಿ ನೂರಕ್ಕೆ 18ರಷ್ಟು ನೀರಿರುತ್ತದೆ. ಕೈ ನೆನೆದಾಗ ತಟ್ಟೆ ನೀರು ಹೀರಿ ಉಬ್ಬುತ್ತದೆ, ಒರೆಸಿ ಒಣಗಿದಾಗ ಕುಗ್ಗುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾದರೆ ಕೋಶಗಳ ನಡುವಿನ ಅಂಟು ಸಡಿಲವಾಗುತ್ತದೆ. ಕತ್ತರಿಸಿದ ಉಗುರಿನ ಚೂರುಗಳನ್ನು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ನೆನೆಸಿ ಒಣಗಿಸಿದಾಗಲೂ ಹೀಗೆಯೇ ಪದರ ಬಿಟ್ಟಿವೆ. ಪಾತ್ರೆ ಸೋಪು ಉಗುರಿನ ಜಿಡ್ಡನ್ನೂ ತೊಳೆದುಬಿಡುವುದರಿಂದ ಹಾನಿ ಬೇಗ ಆಗುತ್ತದೆ.

ಇದರಿಂದ ನಿಮಗೆ ಉಪಯೋಗಕ್ಕೆ ಬರುವ ಒಂದು ಮಾತು ಹೊರಡುತ್ತದೆ. ಕೈ ನೀರಿನಲ್ಲಿ ಎಷ್ಟು ಹೊತ್ತು ಇತ್ತು ಎನ್ನುವಷ್ಟೇ, ಎಷ್ಟು ಸಲ ಒದ್ದೆಯಾಗಿ ಎಷ್ಟು ಸಲ ಒಣಗಿತು ಎನ್ನುವುದೂ ಮುಖ್ಯ. ನೀರು ಬಿಡಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಉಗುರಿನ ಚಿಕಿತ್ಸೆ ಕೊಡಲು ಆಗದು. ದೇವಿಮನೆ ಘಟ್ಟ ಇಳಿದು ಬರುವ ಶಿರಸಿ ಕಡೆಯವರ ಬೆರಳು ಹಸಿ ಅಡಿಕೆ ಸುಲಿದು ಕಪ್ಪಾಗಿರುತ್ತದೆ. ಅಡಿಕೆಗೆ ಸಿಂಪಡಿಸಲು ಸುಣ್ಣ, ಮೈಲುತುತ್ತದ ಬೋರ್ಡೋ ದ್ರಾವಣ ಕಲಸುವ ಗಂಡಸರ ಬೆರಳತುದಿ ಸುಣ್ಣಕ್ಕೆ ಬಿರಿದಿರುತ್ತದೆ. ಸಾಣಿಕಟ್ಟಾದ ಉಪ್ಪಿನ ಗದ್ದೆಯವರು, ಅಘನಾಶಿನಿಯಲ್ಲಿ ಚಿಪ್ಪಿ ಆರಿಸುವವರು, ದನ ಕಟ್ಟಿಕೊಂಡವರು ಎಲ್ಲರದೂ ಒದ್ದೆ ಕೈಯೇ. ಮಳೆಗಾಲದಲ್ಲಿ ಉಗುರು ಮೆತ್ತಗಾಗಿ ಬಾಗುತ್ತದೆ, ಬುಡದ ಚರ್ಮ ಊದುತ್ತದೆ. ಚಳಿಗಾಲದ ಒಣಗಾಳಿ ಶುರುವಾದೊಡನೆ ಅದೇ ಉಗುರು ಚಟಕ್ಕನೆ ಮುರಿಯುತ್ತದೆ. ಯಾವ ತಿಂಗಳಲ್ಲಿ ಯಾವ ದೂರು ಬರುತ್ತದೆ ಎಂದು ನಾನು ಕ್ಯಾಲೆಂಡರ್ ನೋಡಿಯೇ ಹೇಳಬಲ್ಲೆ.

ಇನ್ನು ನಾದಿನಿಯವರ ಫಂಗಸ್. ಉಗುರಿನ ಶಿಲೀಂಧ್ರ ಸೋಂಕು ಸಾಮಾನ್ಯವಾಗಿ ಎಲ್ಲ ಬೆರಳುಗಳನ್ನೂ ಒಂದೇ ಸಮನೆ ಹಿಡಿಯುವುದಿಲ್ಲ. ಒಂದೆರಡು ಉಗುರು ಹಳದಿಯಾಗಿ, ದಪ್ಪವಾಗಿ, ಅಡಿಯಲ್ಲಿ ಹಿಟ್ಟಿನಂತಹ ಪುಡಿ ತುಂಬಿ, ಅಡಿಯ ಚರ್ಮದ ಹಾಸಿನಿಂದ ಎದ್ದುಕೊಳ್ಳುತ್ತದೆ. ಹೆಚ್ಚಾಗಿ ಕಾಲಿನ ಉಗುರಲ್ಲಿ ಮೊದಲು ಶುರುವಾಗಿರುತ್ತದೆ. ನಿಮ್ಮದು ತೆಳ್ಳಗಾಗಿದೆ, ತುದಿಯಲ್ಲಷ್ಟೇ ಏಳುತ್ತಿದೆ, ಹಲವು ಬೆರಳುಗಳಲ್ಲಿದೆ. ಬರವಣಿಗೆ ನೋಡಿ ಖಚಿತ ರೋಗನಿರ್ಣಯ ಮಾಡಲಾಗದು, ಆದರೆ ಫಂಗಸ್ ಸಾಧ್ಯತೆ ಕಡಿಮೆ. ಸಂಶಯ ಉಳಿದರೆ ಉಗುರಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಸುಲಭ ಪರೀಕ್ಷೆ ಇದೆ. ಅದನ್ನು ಮಾಡಿಸದೆ ವಾರಗಟ್ಟಲೆ ಫಂಗಸ್ ಮಾತ್ರೆ ನುಂಗಬೇಡಿ, ಅವುಗಳಲ್ಲಿ ಕೆಲವು ಯಕೃತ್ತಿಗೆ ತೊಂದರೆ ಕೊಡಬಲ್ಲವು. ಅಂಗಡಿಯಲ್ಲಿ ಕೇಳಿದೊಡನೆ ಸಿಗುವ, ಸ್ಟಿರಾಯ್ಡ್ ಬೆರೆಸಿದ ಮುಲಾಮನ್ನಂತೂ ಮುಟ್ಟಲೇಬೇಡಿ. ನಾಲ್ಕು ದಿನ ತುರಿಕೆ ನಿಂತಂತೆ ಮಾಡಿ, ನಿಜವಾದ ಸೋಂಕಿದ್ದರೆ ಅದನ್ನು ಹರಡುವಂತೆ ಮಾಡುವ ಔಷಧ ಅದು.

ಬಿಸಿ ಉಪ್ಪುನೀರು ಮತ್ತು ಲಿಂಬೆಯನ್ನು ಇಂದೇ ಬಿಡಿ. ಹಗಲಿಡೀ ನೆನೆದ ಉಗುರನ್ನು ರಾತ್ರಿ ಇನ್ನೊಮ್ಮೆ ನೆನೆಸಿ, ಮೇಲೆ ಹುಳಿ ತಿಕ್ಕಿ ಒಣಗಿಸುತ್ತಿದ್ದೀರಿ. ರೋಗ ತಂದದ್ದನ್ನೇ ಮದ್ದಿನ ಹೆಸರಿನಲ್ಲಿ ಮುಂದುವರಿಸಿದ ಹಾಗಾಯಿತು. ಲಿಂಬೆರಸ ಕೈಗೆ ಅಂಟಿರುವಾಗಲೇ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುವುದೂ ಉಂಟು. ಉಗುರುಸುತ್ತಿಗೆ ಲಿಂಬೆಹಣ್ಣು ತೂತು ಮಾಡಿ ಬೆರಳಿಗೆ ಟೊಪ್ಪಿಗೆ ಹಾಕಿಕೊಂಡು ಬರುವವರನ್ನು ಈಗಲೂ ನೋಡುತ್ತೇನೆ. ತಂಪೆನಿಸಬಹುದು, ಆದರೆ ಒಳಗೆ ಕೀವು ತುಂಬಿ ಬೆರಳು ಮಿಡಿಯುತ್ತಿದ್ದರೆ ಅದನ್ನು ಹೊರಗೆ ತೆಗೆಸಬೇಕು. ಮುಚ್ಚಿಟ್ಟರೆ ಹೋಗದು. ಬೆಳ್ಳುಳ್ಳಿ ಅರೆದು ಕಟ್ಟುವುದು ಇನ್ನೂ ಕೆಟ್ಟದ್ದು, ಚರ್ಮ ಬೊಬ್ಬೆ ಬರುತ್ತದೆ.

ಬಯೋಟಿನ್ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು, ಏಕೆಂದರೆ ಅದು ನಿಮ್ಮ ಸುಸ್ತಿನ ವಿಷಯಕ್ಕೂ ತಗುಲಿಕೊಂಡಿದೆ. ಇದು ಬಿ ಗುಂಪಿನ ಒಂದು ಜೀವಸತ್ವ. ದಿನಕ್ಕೆ ಬೇಕಾಗುವುದು 30ರಿಂದ 40 ಮೈಕ್ರೋಗ್ರಾಂ. ಮೊಟ್ಟೆ, ಮೀನು, ಶೇಂಗಾ ತಿನ್ನುವ ಮನೆಯಲ್ಲಿ ಕೊರತೆ ಅಪರೂಪ. ನೀವು ತಿನ್ನುತ್ತಿರುವ 10 ಮಿಲಿಗ್ರಾಂ ಅದರ ಇನ್ನೂರೈವತ್ತು ಪಟ್ಟು ಅಥವಾ ಇನ್ನೂ ಹೆಚ್ಚು. ಉಗುರು ಗಟ್ಟಿಯಾಗುತ್ತದೆ ಎನ್ನುವ ಅಧ್ಯಯನಗಳಿವೆ, ಅವುಗಳಲ್ಲಿ ಬಳಸಿದ್ದು 2.5 ಮಿಲಿಗ್ರಾಂ, ಪಾಲ್ಗೊಂಡವರು ಬೆರಳೆಣಿಕೆಯ ಜನ. ಕೆಲವರಿಗೆ ಉಪಯೋಗವಾಗಿರಲೂಬಹುದು. ನಾನು ಅಪರೂಪಕ್ಕೆ ಬರೆಯುತ್ತೇನೆ, ಬರೆದರೂ ಆ ಸಣ್ಣ ಪ್ರಮಾಣದಲ್ಲಿ, ಆರು ತಿಂಗಳ ಗಡುವಿಟ್ಟು. ನಿಜವಾದ ಅಪಾಯ ಬೇರೆ ಕಡೆ ಇದೆ. ರಕ್ತದಲ್ಲಿ ಹೆಚ್ಚು ಬಯೋಟಿನ್ ಇದ್ದರೆ ಕೆಲವು ಯಂತ್ರಗಳು ಥೈರಾಯ್ಡ್ ಪರೀಕ್ಷೆಯಲ್ಲಿ ತಪ್ಪು ಅಂಕಿ ತೋರಿಸುತ್ತವೆ. ಹೃದಯಾಘಾತ ಪತ್ತೆಗೆ ಮಾಡುವ ಟ್ರೋಪೋನಿನ್ ಪರೀಕ್ಷೆ ಕೂಡ ತಪ್ಪಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿಯೇ ಈ ಎಚ್ಚರಿಕೆ ಕೊಟ್ಟಿತ್ತು. ನಿಮ್ಮ ಥೈರಾಯ್ಡ್ ನಿಧಾನವಾಗಿದ್ದು ಅದರಿಂದಲೇ ಸುಸ್ತು ಬಂದಿದ್ದರೂ ಈ ಮಾತ್ರೆಯ ನಡುವೆ ಪರೀಕ್ಷೆ ಮಾಡಿಸಿದರೆ ವರದಿಯಲ್ಲಿ ಅದು ಮರೆಯಾಗಬಹುದು. ಆದ್ದರಿಂದ ಮಾತ್ರೆ ನಿಲ್ಲಿಸಿ. ಎರಡು ಮೂರು ದಿನ ಬಿಟ್ಟು ರಕ್ತ ಕೊಡಿ, ಕೊಡುವಾಗ ಇದನ್ನು ತಿನ್ನುತ್ತಿದ್ದೆ ಎಂದು ಹೇಳಿ.

ಈಗ ಆ ಎರಡು ಸಾಲುಗಳು. ಎರಡು ವರ್ಷದಿಂದ ಮುಟ್ಟಿನ ಸ್ರಾವ ಹೆಚ್ಚಿರುವುದು, ಜೊತೆಗೆ ಸುಸ್ತು. ಈ ವಯಸ್ಸಿನಲ್ಲಿ ಮುಟ್ಟು ಏರುಪೇರಾಗುವುದು ಸಹಜ ಎಂದು ನಮ್ಮ ಹೆಂಗಸರು ಸುಮ್ಮನಾಗುತ್ತಾರೆ. ಸಹಜವೇ ಇರಬಹುದು, ಆದರೆ ಹೋದ ರಕ್ತದ ಜೊತೆ ಕಬ್ಬಿಣಾಂಶ ಹೋಗಿರುತ್ತದೆ. ಉಗುರು ತೆಳ್ಳಗಾಗಿ ಮುರಿಯುವುದಕ್ಕೆ ದೇಹದೊಳಗಿನ ಕಾರಣಗಳಲ್ಲಿ ನಾನು ಅತಿ ಹೆಚ್ಚು ನೋಡುವುದು ಇದನ್ನೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ನೀವು ಆ ಅರ್ಧದಲ್ಲಿ ಇರಬಹುದು.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ. ಅಂಗೈ ಕೆಳಗೆ ಮಾಡಿ ಕೈಯನ್ನು ಮೇಜಿನ ಮೇಲಿಟ್ಟು, ತೋರುಬೆರಳಿನ ಉಗುರಿನ ಮೇಲೆ ಒಂದು ಹನಿ ನೀರು ಬಿಡಿ. ಆರೋಗ್ಯವಂತ ಉಗುರು ಸ್ವಲ್ಪ ಉಬ್ಬಿರುವುದರಿಂದ ಹನಿ ಪಕ್ಕಕ್ಕೆ ಜಾರುತ್ತದೆ. ನಡುವೆ ತಗ್ಗಾಗಿ ಅಂಚು ಮೇಲೆದ್ದ ಉಗುರಲ್ಲಿ ಹನಿ ಅಲ್ಲೇ ಕೂರುತ್ತದೆ. ಕೂತರೆ ಕಬ್ಬಿಣಾಂಶ ಕಡಿಮೆಯಾಗಿ ಬಹಳ ಕಾಲವಾಗಿದೆ ಎಂಬ ಶಂಕೆ ಬಲವಾಗುತ್ತದೆ. ಜಾರಿದರೆ ರಕ್ತ ಸರಿಯಿದೆ ಎಂದು ಅರ್ಥವಲ್ಲ, ಏಕೆಂದರೆ ಉಗುರು ತಗ್ಗಾಗುವುದು ತೀರ ಕೊನೆಗೆ. ಹೇಗಿದ್ದರೂ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಅದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಸಾಧ್ಯವಾದರೆ ಫೆರಿಟಿನ್, ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್ ಕೂಡ ಮಾಡಿಸಿ. ಹಿಮೋಗ್ಲೋಬಿನ್ ಸರಿಯಿದ್ದೂ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿರುವುದನ್ನು ಫೆರಿಟಿನ್ ತೋರಿಸುತ್ತದೆ. ಕಬ್ಬಿಣದ ಮಾತ್ರೆ ಶುರುವಾದರೆ ಮಲ ಕಪ್ಪಾಗುತ್ತದೆ, ಹೆದರಿ ನಿಲ್ಲಿಸಬೇಡಿ. ಊಟದ ಜೊತೆಗಿನ ಚಹಾವನ್ನು ಒಂದು ಗಂಟೆ ಮುಂದೂಡಿ, ಅದು ಕಬ್ಬಿಣವನ್ನು ಹೀರಿಕೊಳ್ಳಲು ಬಿಡುವುದಿಲ್ಲ. ಲಿಂಬೆ ತಿಕ್ಕುವ ಬದಲು ಅನ್ನಕ್ಕೆ ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಚಿಪ್ಪಿ, ಮೀನು, ಹುರುಳಿ, ಸೊಪ್ಪು ನಿಮ್ಮ ಅಡುಗೆಮನೆಯಲ್ಲೇ ಇವೆ, ಗಿರಾಕಿಗೆ ಬಡಿಸಿ ತಾವು ಗಂಜಿಯಲ್ಲಿ ಮುಗಿಸುವ ಅಭ್ಯಾಸವಿದ್ದರೆ ಅದನ್ನು ಬಿಡಿ. ಸ್ತ್ರೀರೋಗ ತಜ್ಞರನ್ನೂ ಒಮ್ಮೆ ಕಾಣಲೇಬೇಕು. ಗರ್ಭಕೋಶದಲ್ಲಿ ಗಡ್ಡೆ ಇದೆಯೇ ಎಂದು ನೋಡದೆ, ಸ್ರಾವ ತಡೆಯದೆ ಬರೀ ಕಬ್ಬಿಣ ತುಂಬಿಸುತ್ತ ಹೋದರೆ ತಿಂದದ್ದೆಲ್ಲ ಮತ್ತೆ ಹೋಗುತ್ತದೆ.

ಉಗುರಿನ ಆರೈಕೆಗೆ ಬರೋಣ. ಖಾನಾವಳಿಯ ಬೆಳಗನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಮೀನು ತೊಳೆದು ಕೈ ಒರೆಸಿದಿರಿ, ಮಸಾಲೆಗೆ ಕಾಯಿ ತುರಿದಿರಿ, ಅಕ್ಕಿ ತೊಳೆದು ಮತ್ತೆ ಒರೆಸಿದಿರಿ, ಈರುಳ್ಳಿ ಹೆಚ್ಚಿದಿರಿ, ನಡುವೆ ನಾಲ್ಕು ಲೋಟ ತೊಳೆದಿರಿ. ಇದನ್ನು ಎರಡಾಗಿ ಒಡೆಯಿರಿ. ಕಾಯಿ, ಈರುಳ್ಳಿ, ಮಸಾಲೆ, ಲೆಕ್ಕಪತ್ರದ ಒಣ ಕೆಲಸ ಒಟ್ಟಿಗೆ. ಅಕ್ಕಿ, ತರಕಾರಿ, ಕೊನೆಯಲ್ಲಿ ಮೀನು ಮತ್ತು ಸಿಗಡಿ, ಈ ಒದ್ದೆ ಕೆಲಸ ಒಟ್ಟಿಗೆ. ಬಿಡಿಬಿಡಿ ಲೋಟ ತೊಳೆಯುವುದನ್ನು ನಿಲ್ಲಿಸಿ ಪಾತ್ರೆಗಳನ್ನು ಒಂದೇ ರಾಶಿಗೆ ಬಿಡಿ. ಮೀನು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯುವುದನ್ನು ಮಾತ್ರ ಕಡಿಮೆ ಮಾಡಬಾರದು.

ರಬ್ಬರ್ ಕೈಗವಸಿನ ಮಾತು ಬಂದೊಡನೆ ಎಲ್ಲರೂ ನಗುತ್ತಾರೆ. ಸಿಗಡಿ ಸುಲಿಯಲು ಅದು ಆಗದು, ಹಿಡಿತ ಸಿಗುವುದಿಲ್ಲ, ತಲೆಯ ಮುಳ್ಳು ಒಂದೇ ಏಟಿಗೆ ತೂತು ಮಾಡುತ್ತದೆ. ಒಪ್ಪಿದೆ. ಪಾತ್ರೆ ತಿಕ್ಕುವಾಗ ಹಾಕಿಕೊಳ್ಳಲು ಏನಡ್ಡಿ? ನಮ್ಮ ಕರಾವಳಿಯ ಸೆಖೆಗೆ ಒಳಗೇ ಬೆವರಿ ಕೈ ನೆನೆಯುತ್ತದೆ, ಆದ್ದರಿಂದ ಒಳಗೆ ತೆಳು ಹತ್ತಿಯ ಕೈಗವಸು ಹಾಕಿ ಮೇಲೆ ರಬ್ಬರಿನದು ಹಾಕಿ. ಇಪ್ಪತ್ತು ನಿಮಿಷಕ್ಕೆ ತೆಗೆಯಿರಿ. ಹತ್ತಿಯದು ಎರಡು ಮೂರು ಜೊತೆ ಇರಲಿ, ಒಂದು ಒಣಗುವಾಗ ಇನ್ನೊಂದು. ಸೋಪು ಬಿಟ್ಟು ಬೂದಿಗೆ ಹೋಗುತ್ತೇನೆ ಎನ್ನುವವರಿದ್ದಾರೆ. ಬೂದಿ ಕ್ಷಾರ, ಉಗುರಿಗೆ ಅದೇನೂ ಸೌಮ್ಯವಲ್ಲ.

ಉಗುರನ್ನು ಆಯುಧ ಮಾಡಿಕೊಳ್ಳುವುದನ್ನೂ ಬಿಡಬೇಕು. ಸಿಗಡಿಯ ಬೆನ್ನನ್ನು ಸಣ್ಣ ಕತ್ತರಿಯಿಂದ ಸೀಳಿದರೆ ಸಿಪ್ಪೆ ಬೆರಳ ಮಾಂಸಕ್ಕೇ ಬಿಟ್ಟುಬರುತ್ತದೆ. ಡಬ್ಬಿಯ ಮುಚ್ಚಳಕ್ಕೆ ಚಮಚದ ಹಿಡಿ, ಬೆಳ್ಳುಳ್ಳಿಗೆ ಚಾಕುವಿನ ಚಪ್ಪಟೆ ಬದಿ ಸಾಕು.

ಇನ್ನು ಜಿಡ್ಡು. ಕೈ ಒರೆಸಿದ ಮರುಕ್ಷಣ, ಉಗುರು ಇನ್ನೂ ತುಸು ತೇವವಿರುವಾಗ ಹಚ್ಚಬೇಕು, ಆಗ ಒಳಗಿನ ನೀರು ಒಮ್ಮೆಲೇ ಆರಿಹೋಗುವುದಿಲ್ಲ. ಪೆಟ್ರೋಲಿಯಂ ಜೆಲ್ಲಿ ಈ ಕೆಲಸಕ್ಕೆ ಅತ್ಯುತ್ತಮ. ಕೊಬ್ಬರಿ ಎಣ್ಣೆ ಆದೀತು. ಘಟ್ಟದ ಮೇಲಿನವರು ಹಿಮ್ಮಡಿ ಒಡೆದರೆ ಹಚ್ಚುವ ಉಪ್ಪಾಗೆ ತುಪ್ಪ, ಮುರುಗಲು ತುಪ್ಪ ಕೂಡ ಚೆನ್ನಾಗಿಯೇ ಕೂರುತ್ತವೆ. ಬೆಲೆಯ ಕ್ರೀಮಿಗೆ ದುಡ್ಡು ಸುರಿಯುವ ಮೊದಲು ಅವನ್ನು ಬಳಸಿ ನೋಡಿ. ಉಗುರಿನ ಮೇಲೆ, ಅಡಿಯಲ್ಲಿ, ಬುಡದ ಚರ್ಮದ ಮೇಲೆ ತಿಕ್ಕಿ. ಈಳಿಗೆ ಮುಂದೆ ಕೂರುವ ಮೊದಲು ಮಾತ್ರ ಬೇಡ, ಜಿಡ್ಡು ಕೈ ಜಾರಿದರೆ ಉಗುರಿನ ಬದಲು ಬೆರಳಿನ ಚಿಂತೆಯಾಗುತ್ತದೆ. ರಾತ್ರಿ ಮಲಗುವಾಗ ಧಾರಾಳವಾಗಿ ಹಚ್ಚಿ ಹತ್ತಿಯ ಕೈಗವಸು ಹಾಕಿಕೊಳ್ಳಿ. ಎರಡು ತಿಂಗಳಲ್ಲೂ ಮೆತ್ತಗಾಗದಿದ್ದರೆ ಯೂರಿಯಾ ಇರುವ ಕ್ರೀಮ್ ಬರೆದುಕೊಡುತ್ತೇವೆ. ಹೆಸರು ಕೇಳಿ ಗೊಬ್ಬರದ ಚೀಲಕ್ಕೆ ಕೈಹಾಕಬೇಡಿ. ವಸ್ತು ಅದೇ ಆದರೂ ತಯಾರಿ ಬೇರೆ.

ಉಗುರನ್ನು ಚಿಕ್ಕದಾಗಿಡಿ. ಸ್ನಾನವಾದ ಮೇಲೆ ಮೆತ್ತಗಿರುವಾಗ ಕತ್ತರಿಸಿ. ಮಂಗಳವಾರ ಶುಕ್ರವಾರದ ನಿಷೇಧ ನಿಮ್ಮ ಮನೆಯ ವಿಷಯ, ಉಗುರಿಗೆ ವಾರ ಗೊತ್ತಾಗುವುದಿಲ್ಲ. ಎದ್ದ ಪದರವನ್ನು ಎಳೆದು ಕೀಳಬೇಡಿ, ನುಣುಪಾದ ಅರದಿಂದ ಒಂದೇ ದಿಕ್ಕಿಗೆ ಉಜ್ಜಿ. ಬುಡದ ತೆಳು ಚರ್ಮವನ್ನು ಕತ್ತರಿಸಲು ಯಾರಿಗೂ ಬಿಡಬೇಡಿ. ನೀರು ಮತ್ತು ಸೋಂಕು ಒಳನುಗ್ಗದಂತೆ ಬಾಗಿಲು ಕಾಯುವುದು ಅದೇ.

ಮಗಳ ಸಲಹೆಯ ಜೆಲ್ ನಿಜಕ್ಕೂ ಮುಚ್ಚುತ್ತದೆ, ಎರಡು ಮೂರು ವಾರ ಗಟ್ಟಿ ಎನಿಸುತ್ತದೆ. ತೆಗೆಯುವಾಗ ಅಸಿಟೋನ್‌ನಲ್ಲಿ ನೆನೆಸಿ ಕೆರೆಯುತ್ತಾರೆ, ಆಗ ಈಗಾಗಲೇ ಸಡಿಲವಿರುವ ಪದರಗಳೂ ಜೊತೆಗೆ ಹೋಗುತ್ತವೆ. ಅದರ ಅಂಟಿಗೆ ಕೆಲವರಿಗೆ ಅಲರ್ಜಿ ಹುಟ್ಟುತ್ತದೆ. ‘ಗಟ್ಟಿ ಮಾಡುವ’ ಬಣ್ಣಗಳಲ್ಲಿ ಫಾರ್ಮಾಲ್ಡಿಹೈಡ್ ಇದ್ದರೆ ಉಗುರು ಮೊದಮೊದಲು ಬಿರುಸಾಗಿ ಆಮೇಲೆ ಇನ್ನಷ್ಟು ಮುರಿಯುತ್ತದೆ. ಬೇರೆ ಕೆಲಸದವರಿಗಾದರೆ ಸಾಮಾನ್ಯ ಬಣ್ಣವಿಲ್ಲದ ಲೇಪ ಒಂದು ಪದರ ಹಚ್ಚಿ ವಾರವಿಡೀ ಬಿಡಿ ಎನ್ನುತ್ತಿದ್ದೆ. ಚಕ್ಕೆ ಎದ್ದು ಊಟಕ್ಕೆ ಬೀಳುವ ಕಾರಣ ಅಡುಗೆ ಮಾಡುವ ಕೈಗೆ ಅದೂ ಬೇಡ. ಗೋರಂಟಿ ಸೊಪ್ಪು ಅರೆದು ಹಚ್ಚಿಕೊಳ್ಳಬಹುದು, ಕಪ್ಪು ಮೆಹೆಂದಿ ಎಂದು ಮಾರುವ ರಾಸಾಯನಿಕವನ್ನಲ್ಲ.

ಫಲ ನಿಧಾನ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಬುಡದಿಂದ ತುದಿ ಮುಟ್ಟಲು ಆರು ತಿಂಗಳು ಬೇಕು. ಈಗ ತುದಿಯಲ್ಲಿ ಸೀಳುತ್ತಿರುವುದು ಅರ್ಧ ವರ್ಷದ ಹಿಂದೆ ಹುಟ್ಟಿದ ಉಗುರು, ಅದನ್ನು ಯಾವ ಮದ್ದೂ ಬೆಸೆಯಲಾರದು. ಮೊದಲ ಎರಡು ತಿಂಗಳು ಸೀರೆಗೆ ಸಿಕ್ಕುವುದು ಕಡಿಮೆಯಾದರೆ ದಾರಿ ಸರಿಯಿದೆ ಎಂದು ತಿಳಿಯಿರಿ.

ನಡುವೆ ಬುಡದ ಚರ್ಮ ಊದಿ ಕೆಂಪಾದರೆ, ಉಗುರು ಹಸಿರಾದರೆ, ಹಾಸಿನಿಂದ ಎದ್ದರೆ, ಸೂಜಿ ಚುಚ್ಚಿದಂತಹ ಗುಳಿಗಳು ಬಿದ್ದರೆ ಕಾಯದೆ ಚರ್ಮರೋಗ ತಜ್ಞರಿಗೆ ತೋರಿಸಿ. ನಮ್ಮ ಬಣ್ಣದವರಲ್ಲಿ ಹಲವು ಬೆರಳುಗಳ ಉಗುರಲ್ಲಿ ಕಂದು ಗೆರೆ ಇರುವುದು ಸಾಮಾನ್ಯ. ಆದರೆ ಒಂದೇ ಬೆರಳಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡಿ, ಅಗಲವಾಗುತ್ತ, ಬುಡದ ಚರ್ಮಕ್ಕೂ ಹಬ್ಬಿದರೆ ಅದೇ ವಾರ ತೋರಿಸಬೇಕು, ಅದು ಅಪರೂಪಕ್ಕೆ ಕ್ಯಾನ್ಸರ್ ಆಗಿರುತ್ತದೆ. ಬರುವಾಗ ಕೈಗೆ ಬಣ್ಣವಾಗಲಿ ಗೋರಂಟಿಯಾಗಲಿ ಇರದಿರಲಿ. ಕಾಲಿನ ಉಗುರನ್ನೂ ನೋಡಬೇಕಾಗುತ್ತದೆ. ಇದುವರೆಗೆ ನುಂಗಿದ, ಹಚ್ಚಿದ ಎಲ್ಲದರ ಖಾಲಿ ಮಾತ್ರೆ ಸ್ಟ್ರಿಪ್, ಟ್ಯೂಬುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ.